ಹೆಬ್ಬೆರಳಿನ ಹದಿನಾಲ್ಕು ಗ್ರಾಂ

ಅಂಗಡಿಯ ಹಿಂದಿನ ಕೋಣೆ,
ಹನ್ನೆರಡನೇ ತಾರೀಖು, ಗುರುವಾರ

ಪ್ರೀತಿಯ ಅಕ್ಕಾ,

ಹೆಬ್ಬೆರಳಿನ ಹೊಲಿಗೆ ಬಿಚ್ಚಿದರಾ? ನೋವು ಕಮ್ಮಿಯೇ? ಚಿಕ್ಕಮ್ಮನ ಮನೆಯಲ್ಲಿ ಸುಮ್ಮನೆ ಕೂರದೆ ಪಾತ್ರೆ ತೊಳೆಯಲು ಹೋಗಿರುತ್ತೀ ಎಂದು ನನಗೆ ಗೊತ್ತು. ಬೆರಳು ಇನ್ನು ಮೊದಲಿನಂತೆ ಬಗ್ಗಲಾರದು ಎಂದು ಡಾಕ್ಟರು ಹೇಳಿದ್ದನ್ನು ಚಿಕ್ಕಮ್ಮ ಬರೆದಿದ್ದಾರೆ. ನೀನು ಬರೆದಿಲ್ಲ. ಇರಲಿ.

ಆಸ್ಪತ್ರೆಯ ಅಡುಗೆಮನೆಯ ಮೇಲ್ವಿಚಾರಕಿ ಹೇಳಿದ್ದು ನೆನಪಿದೆಯಲ್ಲ: "ಲೋಟದ ಲೆಕ್ಕ ನಮಗೆ ಬೇಡಪ್ಪಾ, ನಿಮ್ಮನೆ ಲೋಟ ಎಷ್ಟು ದೊಡ್ಡದು ಅಂತ ಯಾರು ನೋಡಿದಾರೆ? ಗ್ರಾಂನಲ್ಲಿ ಬರ್ಕೊಡಿ." ರೋಗಿಗಳಿಗೆ ದಿನವೂ ನಮ್ಮ ಬಿಸ್ಕತ್ತು ಹೋಗಬೇಕಾದರೆ ಆ ಅಳತೆಯ ಹಾಳೆ ಇವತ್ತಿನೊಳಗೆ ಬೇಕಿತ್ತು. ಅದಕ್ಕೇ ನೀನು ಹೊರಟ ಮರುದಿನ ನಿನ್ನ ತಗ್ಗುಬಿದ್ದ ಲೋಟವನ್ನೂ ಹೊಸ ತಕ್ಕಡಿಯನ್ನೂ ಎದುರೆದುರು ಇಟ್ಟುಕೊಂಡು ಕೂತೆ. ಮೈದಾ ಮೊದಲ ದಿನವೇ ಬುದ್ಧಿ ಕಲಿಸಿತು. ಸುಮ್ಮನೆ ಸುರಿದರೆ ನೂರಹದಿನೆಂಟು ಗ್ರಾಂ, ಮೂಟೆಯಿಂದ ತೋಡಿದರೆ ನೂರಮೂವತ್ತೊಂದು. ನೀನು ತೋಡುವವಳು, ಹಾಗಾಗಿ ಎರಡನೆಯದನ್ನೇ ಬರೆದೆ. ಸಕ್ಕರೆಗೆ ಇಂಥ ತಕರಾರಿಲ್ಲ ಎಂದುಕೊಂಡು ಲೋಟ ತುಂಬಿಸಿ, ಮೇಲೆ ಸಮ ಮಾಡಿ, ಇನ್ನೂರಹತ್ತು ಎಂದು ಬರೆದು, ಒಂದು ಸಲದ ಹಿಟ್ಟಿಗೆ ಮೂರು ಲೋಟವಾದ್ದರಿಂದ ಮೂರರಿಂದ ಗುಣಿಸಿದೆ.

ಬಿಸ್ಕತ್ತು ಕೆಟ್ಟಿತು. ಅಂಚು ಕಂದು, ನಡುವೆ ಮೆತ್ತಗೆ, ಬಾಯಿಗಿಟ್ಟರೆ ಬರೀ ಸಿಹಿ. ದಿನಾ ಬರುವ ಮೇಷ್ಟ್ರು ಅರ್ಧ ಕಚ್ಚಿ, "ನಿಮ್ಮಕ್ಕ ಊರಲ್ಲಿಲ್ಲ ಅಂತ ಬಿಸ್ಕತ್ತಿಗೂ ಗೊತ್ತಾಗ್ಬಿಟ್ಟಿದೆಯಲ್ಲಯ್ಯಾ!" ಎಂದು ಉಳಿದರ್ಧವನ್ನು ಕಾಗದದಲ್ಲಿ ಸುತ್ತಿಟ್ಟುಕೊಂಡರು. ಮರ್ಯಾದಸ್ಥರು, ಎಸೆಯಲಿಲ್ಲ. ಒಲೆ ನೋಡಿದೆ, ಬೆಣ್ಣೆ ನೋಡಿದೆ, ಪಾಪದ ತಕ್ಕಡಿಯನ್ನೂ ಬೈದೆ. ನಾಲ್ಕು ದಿನ ಹೀಗೇ ಹೋಯಿತು.

ಮಂಗಳವಾರ ಬೆಳಿಗ್ಗೆ ಸೋತು, ನೀನು ನಿಲ್ಲುವ ಜಾಗದಲ್ಲೇ ನಿಂತು, ನೀನು ಹಿಡಿಯುವಂತೆಯೇ ಲೋಟ ಹಿಡಿದೆ. ಹೆಬ್ಬೆರಳು ತಾನಾಗಿಯೇ ಒಳಗೆ ಹೋಯಿತು. ನೀನು ಯಾವತ್ತೂ ಬೆರಳನ್ನು ಲೋಟದೊಳಗಿಟ್ಟೇ ಸಕ್ಕರೆ ತೋಡುತ್ತಿದ್ದೆಯಲ್ಲ! ನನ್ನ ಬೆರಳು ದಪ್ಪ, ಅದರ ಲೆಕ್ಕ ಹಿಡಿಯುವಂತಿಲ್ಲ. ಪಕ್ಕದ ಅಂಗಡಿಯ ಹೊಲಿಗೆಯಕ್ಕನನ್ನು ಕರೆದೆ. ನಿನ್ನ ಉಂಗುರ ಅವರಿಗೂ ಸರಿಹೋಗುತ್ತದೆ. "ಇದೇನು ಹುಚ್ಚೋ ನಿಂಗೆ?" ಎನ್ನುತ್ತಲೇ ಹತ್ತು ಸಲ ತೋಡಿಕೊಟ್ಟರು. ಸರಾಸರಿ ನೂರತೊಂಬತ್ತಾರು. ಲೋಟಕ್ಕೆ ಹದಿನಾಲ್ಕು ಗ್ರಾಂ ಕಮ್ಮಿ. ಮೂರು ಲೋಟಕ್ಕೆ ನಲವತ್ತೆರಡು.

ಆ ನಲವತ್ತೆರಡು ಗ್ರಾಂ ಸಕ್ಕರೆಯನ್ನು ಬಟ್ಟಲಿಗೆ ಹಾಕಿ ನೋಡಿದಾಗ, ಅಕ್ಕಾ, ಅದರ ಗುರುತು ಸಿಕ್ಕಿತು. ಸಕ್ಕರೆ ಅಂಗಡಿಗೇ ಹೊರತು ಮನೆಗಲ್ಲ ಎಂದು ಅಪ್ಪ ಕಟ್ಟಪ್ಪಣೆ ಮಾಡಿ, ದಿನದ ಸಕ್ಕರೆಯನ್ನು ತಾವೇ ತೂಗಿ ನಿನ್ನ ಮುಂದಿಡುತ್ತಿದ್ದರು. ಲೋಟ ಎಣಿಸುತ್ತಾ ಪಕ್ಕದಲ್ಲೇ ನಿಲ್ಲುತ್ತಿದ್ದರು. ಆದರೂ ಅಮ್ಮ ಹೋದ ಮೇಲೆ ಒಂದು ದಿನವೂ ನಾನು ಸಪ್ಪೆ ಹಾಲು ಕುಡಿಯಲಿಲ್ಲ. ಎಲ್ಲಿಂದ ಬಂತು ಎಂದು ಕೇಳಿದರೆ, "ಹೆಬ್ಬೆಟ್ಟಿನ ಪಾಲು ಕಣೋ, ಬಾಯ್ಮುಚ್ಕೊಂಡು ಕುಡಿ" ಎನ್ನುತ್ತಿದ್ದೆ. ಅದು ನಿನ್ನ ತಮಾಷೆಯ ಮಾತು ಎಂದೇ ಮೂವತ್ತು ವರ್ಷ ತಿಳಿದಿದ್ದೆ. ಬಿಸ್ಕತ್ತಿಗೆ ಸಿಹಿ ಹದವಾಗಿದೆ ಎಂದು ಊರೆಲ್ಲ ಹೊಗಳುತ್ತದೆ. ಆ ಹದ ನನ್ನ ಹಾಲಿನ ಲೋಟದಿಂದ ಹುಟ್ಟಿದ್ದು ಎಂದು ಅವರಿಗೇನು ಗೊತ್ತು? ನಿನಗೆ ಇದನ್ನೆಲ್ಲ ಎದುರು ನಿಂತು ಹೇಳಲು ನನ್ನಿಂದಾಗದು. ಅದಕ್ಕೇ ಬರೆದೆ.

ನಿನ್ನೆ ಸರಿಯಾದ ಅಳತೆಯಲ್ಲಿ ಬೇಯಿಸಿದೆ. ಮೇಷ್ಟ್ರು ನಿಂತಲ್ಲೇ ನಾಲ್ಕು ತಿಂದರು.

ಚಿಕ್ಕಮ್ಮನಿಗೆ ನಮಸ್ಕಾರ ತಿಳಿಸು. ಕೈ ಜೋಪಾನ.

ನೀನು ಕೊಟ್ಟ ಹಾಲು ಕುಡಿದು ಬೆಳೆದ
ತಮ್ಮ

ಮರೆತಿದ್ದೆ: ಬಸ್ಸು ಹತ್ತುವಾಗ "ಎಲ್ಲಾ ಗ್ರಾಂನಲ್ಲಿ ಬರ್ದಿಟ್ಮೇಲೆ ಇನ್ನು ನಾನ್ಯಾಕೆ ಬೇಕು?" ಎಂದೆಯಲ್ಲ, ಅದಕ್ಕೆ ಉತ್ತರ ಇದು. ಈಗಷ್ಟೇ ಆಸ್ಪತ್ರೆಗೆ ಹಾಳೆ ಕೊಟ್ಟು ಬಂದೆ, ಒಪ್ಪಿದರು. ಅಳತೆ ಗೊತ್ತುಮಾಡಿದವರು ಯಾರು ಎಂಬಲ್ಲಿ ನಿನ್ನ ಹೆಸರು ಬರೆದಿದ್ದೇನೆ. ಸೋಮವಾರ ಆಸ್ಪತ್ರೆಗೆ ಮೊದಲ ಒಲೆ. ಭಾನುವಾರ ಬಂದು ಕರೆದುಕೊಂಡು ಹೋಗುತ್ತೇನೆ, ಬಟ್ಟೆ ಕಟ್ಟಿಟ್ಟಿರು. ನೀನು ಲೋಟ ಮುಟ್ಟಬೇಕಾಗಿಲ್ಲ. ಕುರ್ಚಿ ಹಾಕಿಸಿದ್ದೇನೆ. ಕೂತು ರುಚಿ ನೋಡು, ನನ್ನನ್ನು ಬೈ. ಸಂಜೆಯ ಹಾಲಿಗೆ ಸಕ್ಕರೆ ಈ ಸಲ ನಾನು ಹಾಕುತ್ತೇನೆ.