ಹಿಂಬದಿಗೆ ಬಾತ್‌ರೂಮ್ ಕಿಟಕಿ ಇರುವ ಗಾಡಿ

ಗಾಜಿನಂಗಡಿ ಮೇಲಿನ ಮನೆ,
ಮೇ ೧೧, ಭಾನುವಾರ

ಪ್ರೀತಿಯ ಅಕ್ಕಾ,

ಮೊದಲು ಸಾರಿ. ನಿನಗೆ ಪತ್ರ ಬರೆಯಲ್ಲ ಅಂತ ಅಪ್ಪನಿಗೆ ಮಾತು ಕೊಟ್ಟಿದ್ದೆ, ಅದು ಈಗ ಹೇಗೆ ಮುರಿಯಿತು ಅಂತ ಮುಂದೆ ಹೇಳುತ್ತೇನೆ. ಇಷ್ಟು ದಿನ ಬರೆಯದೆ ಇದ್ದಿದ್ದಕ್ಕೂ ಸಾರಿ. ಫೋನ್ ಮಾಡೋಣವೆಂದರೆ ನಮ್ಮ ಮನೆಯ ನಂಬರುಗಳನ್ನೆಲ್ಲ ನೀನು ಬ್ಲಾಕ್ ಮಾಡಿದ್ದೀಯ. ಅದಕ್ಕೇ ನೀನು ಬಸ್ ಓಡಿಸುವ ಡಿಪೋ ವಿಳಾಸಕ್ಕೆ ಕಳಿಸುತ್ತಿದ್ದೇನೆ. ಹೇಗಿದ್ದೀಯ? ಅಷ್ಟು ದೊಡ್ಡ ಸ್ಟೀರಿಂಗ್ ಹಿಡಿದು ಭುಜ ನೋಯಲ್ವಾ? ಅಮ್ಮ ಚೆನ್ನಾಗಿದ್ದಾಳೆ. ಅಪ್ಪನ ಎಡಗಣ್ಣು ಹಾಗೇ ಇದೆ, ಗಾಜಿನ ಚೂರು ಹಾರಿದ ದಿನದಿಂದ ಎಷ್ಟು ಮಂಜೋ ಅಷ್ಟೇ ಮಂಜು. ನನ್ನ ಕಥೆ ಕೇಳಬೇಡ. ವೈವಾ ಅಂದರೆ ಈಗಲೂ ಅಂಗೈ ಬೆವರುತ್ತೆ. ಹಾಸ್ಟೆಲ್ ಬಿಟ್ಟು ಮನೆಯಿಂದ ಕಾಲೇಜಿಗೆ ಹೋಗುತ್ತಿದ್ದರೂ, ಯಾರಾದರೂ ತಟ್ಟೆ ಕಿತ್ತುಕೊಳ್ಳುತ್ತಾರೇನೋ ಅನ್ನುವ ಹಾಗೆ ಊಟ ಮಾಡುತ್ತೇನೆ ಅಂತ ಅಮ್ಮ ನಗುತ್ತಾಳೆ.

ಈಗ ಮುಖ್ಯ ವಿಷಯ. ಅಕ್ಕಾ, ನಮ್ಮ ಪಿಕಪ್ ಸಿಕ್ಕಿತು! ಅಯ್ಯೋ, ಕಳೆದಿದ್ದೇ ನಿನಗೆ ಗೊತ್ತಿಲ್ಲ ಅಲ್ವಾ, ತಡಿ, ಉಲ್ಟಾ ಹೇಳುತ್ತಿದ್ದೇನೆ. ಪರೀಕ್ಷೆಯಲ್ಲೂ ಹೀಗೇ ಕೊನೇ ಉತ್ತರವನ್ನು ಮೊದಲು ಬರೆಯೋದು ನಾನು.

ಕಳೆದ ತಿಂಗಳು ಒಂದು ಬೆಳಗ್ಗೆ ಅಪ್ಪ ಶಟರ್ ಎತ್ತಿದರೆ ಅಂಗಡಿ ಮುಂದೆ ಆಯಿಲ್ ಕಲೆ ಇದೆ, ಗಾಡಿ ಇಲ್ಲ. ನೀನು ಹೋದ ಮೇಲೆ ಬಾಡಿಗೆಗೆ ಓಡಿಸಲು ಬರುತ್ತಿದ್ದ ಡ್ರೈವರ್ ಮಾಮ ತಗೊಂಡು ಹೋಗಿರಬೇಕು ಅಂತ ಅಪ್ಪ ಅಂದುಕೊಂಡರು. ಅಷ್ಟರಲ್ಲಿ ಮಾಮನೇ ನಡಕೊಂಡು ಬಂದು, "ಏನಣ್ಣ, ಗಾಡಿ ಮಾರಿಬಿಟ್ರಾ? ನಂಗೊಂದು ಮಾತು ಹೇಳ್ಲಿಲ್ಲ!" ಅಂತ ಮುಖ ಊದಿಸಿಕೊಂಡರು. ಆಮೇಲೆ ನೋಡು, ಮನೆಯೆಲ್ಲ ಅಲ್ಲೋಲಕಲ್ಲೋಲ. ಓದಿದವಳು ನಾನು ತಾನೇ, ಸ್ಟೇಷನ್‌ಗೆ ನನ್ನನ್ನೇ ಕರಕೊಂಡು ಹೋದರು. ದೂರು ಬರೆದೆ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಲ್ಲಾ ಹಾಕಿ ಎರಡೂವರೆ ಪುಟ. ಹೆಡ್ ಕಾನ್‌ಸ್ಟೆಬಲ್ ಓದಿ, "ಏನಮ್ಮಾ, ಇದು ದೂರೋ ಪ್ರಬಂಧವೋ? ಮಾರ್ಕ್ಸ್ ಹಾಕ್ಲಾ?" ಅಂದರು. ಒಳಗೆ ಯಾರು ಬಂದರೂ ನಾನು ವಾರ್ಡನ್ ಬಂದ ಹಾಗೆ ಎದ್ದು ನಿಲ್ಲುತ್ತಿದ್ದೆ. ಟೀ ತಂದುಕೊಟ್ಟವರಿಗೂ ಎದ್ದು ಗುಡ್ ಮಾರ್ನಿಂಗ್ ಹೇಳಿದೆ.

"ಗಾಡಿಗೆ ಏನಾದ್ರೂ ಗುರುತು ಇದೆಯೇನ್ರೀ?" ಅಂತ ಕೇಳಿದಾಗ ಅಪ್ಪ ಮೇಜಿನ ಕೆಳಗೆ ನನ್ನ ಕಾಲು ಒತ್ತಿ, "ಏನೂ ಇಲ್ಲ ಸಾರ್, ಎಲ್ಲಾ ಗಾಡಿ ಥರಾನೇ" ಅಂದುಬಿಟ್ಟರು. ಯಾಕೆ ಗೊತ್ತಾಯಿತಲ್ಲ? ಕ್ಯಾಬಿನ್ನಿನ ಹಿಂದಿನ ಗಾಜು ಒಡೆದಾಗ, ಹೊಸದು ಯಾಕೆ ದಂಡ ಅಂತ, ಯಾರದೋ ಬಾತ್‌ರೂಮಿಗೆ ಕೊಯ್ದು ಉಳಿದಿದ್ದ ಹೂವಿನ ಡಿಸೈನ್ ಗಾಜನ್ನು ಕೂರಿಸಿದ್ದರಲ್ಲ, ಅದನ್ನು ಪೊಲೀಸರ ಮುಂದೆ ಹೇಳಿದರೆ ಫೈನ್ ಹಾಕುತ್ತಾರೆ ಅಂತ ಹೆದರಿಕೆ! "ಹಿಂದೆ ಬರೋ ಲಾರಿ ಎಲ್ಲಾ ನಂಗೆ ಹೂವಿನ ಥರ ಕಾಣ್ಸುತ್ತೆ ಅಪ್ಪಾ" ಅಂತ ನೀನು ಎಷ್ಟು ಜಗಳ ಆಡಿದ್ದೆ. ಇಡೀ ದೇಶದಲ್ಲಿ ಅಂಥ ಗಾಡಿ ಇನ್ನೊಂದಿಲ್ಲ. ಆದರೂ ನಾವು ಗುರುತೇ ಇಲ್ಲ ಅಂತ ಸಹಿ ಹಾಕಿ ಬಂದೆವು.

ಆಮೇಲಿನ ದಿನಗಳು ಬೇಡ ಅಕ್ಕಾ. ಗಾಜನ್ನು ತಳ್ಳುಗಾಡಿಯಲ್ಲಿ ಕಳಿಸಿದರೆ ತಲುಪುವ ಹೊತ್ತಿಗೆ ಅರ್ಧಕ್ಕರ್ಧ ಸೀಳು. ಸಲೂನಿನವರ ಉದ್ದದ ಕನ್ನಡಿ ತಿರುವಿನಲ್ಲಿ ಒಡೆದುಹೋಯಿತು. ಅವರು ಬೇರೆ ಅಂಗಡಿಗೆ ಹೋದರು. ಡ್ರೈವರ್ ಮಾಮನೂ ಬೇರೆ ಕಡೆ ಕೆಲಸ ಹಿಡಿದರು. ಅಪ್ಪ ಡೈಮಂಡ್ ಕಟರ್ ಹಿಡಿದು ಸುಮ್ಮನೆ ಕೂತಿರುತ್ತಿದ್ದರು, ಕೊಯ್ಯೋಕೆ ಏನೂ ಇಲ್ಲದೆ.

ಮೊನ್ನೆ ಗುರುವಾರ ಕಾಲೇಜಿನಿಂದ ಬರುವಾಗ ವಿಚಾರಿಸೋಣ ಅಂತ ಸ್ಟೇಷನ್‌ಗೆ ಹೋದೆ. ಒಬ್ಬಳೇ! ಬೆಂಚಿನ ತುದಿಯಲ್ಲಿ ಕೂತೆ. ಇನ್ಸ್‌ಪೆಕ್ಟರ್ ಮೇಡಂ ಯಾರಿಗೋ ಬೈಯುತ್ತಿದ್ದರು, "ನನ್ನ ಜೀಪ್ ಬಿಸಿಲಲ್ಲಿ ನಿಲ್ಲುತ್ತೆ, ನೆರಳಲ್ಲಿ ರಸ್ತೆ ಬದಿ ಸಿಕ್ಕಿದ ಆ ದಿಕ್ಕಿಲ್ಲದ ಪಿಕಪ್ ರಾಜನ ಹಾಗೆ ಕೂತಿದೆ. ನಂಬರ್ ಪ್ಲೇಟ್ ಇಲ್ಲ, ಚಾಸಿ ನಂಬರ್ ಉಜ್ಜಿಹಾಕಿದಾರೆ, ಯಾವನೋ ಪುಣ್ಯಾತ್ಮ ಹಿಂದಕ್ಕೆ ಬಾತ್‌ರೂಮ್ ಕಿಟಕಿ ಬೇರೆ ಇಟ್ಕೊಂಡಿದಾನೆ!" ಅಂತ. ನಾನು ಎದ್ದು ನಿಂತು, ಪೂರ್ತಿ ಗಂಟಲು ಬಿಟ್ಟು, "ಅದು ನಮ್ಮಪ್ಪ ಮೇಡಂ!" ಅಂದೆ.

ಅಕ್ಕಾ, ಇಡೀ ಸ್ಟೇಷನ್ ನಕ್ಕಿತು. ಕಂಬಿ ಹಿಂದೆ ಇದ್ದವನೂ ನಕ್ಕ.

ಹಿಂದಿನ ಅಂಗಳಕ್ಕೆ ಓಡಿದೆ. ಮರದ ಕೆಳಗೆ, ಚಕ್ರದ ಸುತ್ತ ಹುಲ್ಲು ಬೆಳೆದು, ನಮ್ಮದೇ! ಗಾಜು ಒರಗಿಸುವ ಕಬ್ಬಿಣದ ಚೌಕಟ್ಟನ್ನು ಕಳ್ಳರು ಕಿತ್ತು ಮಾರಿಕೊಂಡಿದ್ದಾರೆ, ಹಾಡಿನ ಟೇಪ್ ಇಲ್ಲ, ಸೀಟು ಹರಿದಿದೆ. ಹೂವಿನ ಗಾಜು ಮಾತ್ರ ಒಂದು ಗೀರಿಲ್ಲದೆ ಇದೆ. ಅದನ್ನು ಯಾರು ಕದೀತಾರೆ ಹೇಳು. ಅಪ್ಪ ಸುದ್ದಿ ಕೇಳಿ ಬಂದವರು ಅಂಗಿಯ ತುದಿಯಿಂದ ಆ ಗಾಜಿನ ಧೂಳು ಒರೆಸುತ್ತಾ ನಿಂತುಬಿಟ್ಟರು. "ಮೊದಲನೇ ದಿನವೇ ಬಾಯಿ ಬಿಟ್ಟಿದ್ರೆ ಆ ವಾರವೇ ಸಿಗ್ತಿತ್ತಲ್ರೀ" ಅಂದರು ಮೇಡಂ. "ಫೈನ್ ಹಾಕ್ತೀರಿ ಅಂತ..." "ಹಾಕೇ ಹಾಕ್ತೀನಿ!"

ಎಂಜಿನ್ ನಂಬರ್ ತಾಳೆಯಾಯಿತು. ಎಲ್ಲಾ ಸರಿ. ಆದರೆ ಗಾಡಿ ಬಿಡಿಸಿಕೊಳ್ಳೋಕೆ ಕೋರ್ಟಿನ ಆರ್ಡರ್ ಬೇಕು, ಅದಕ್ಕೆ ಮಾಲೀಕರು ಖುದ್ದಾಗಿ ಬರಬೇಕು, ಇಲ್ಲವಾದರೆ ಸಹಿ ಮಾಡಿದ ಅಧಿಕಾರಪತ್ರ ಕಳಿಸಬೇಕು. ಮಾಲೀಕಳು ನೀನು. ಲೈಸೆನ್ಸ್ ಇದ್ದವಳು ನೀನೊಬ್ಬಳೇ ಅಂತ ಕೊಳ್ಳುವಾಗಲೇ ನಿನ್ನ ಹೆಸರಿಗೆ ಮಾಡಿಸಿದ್ದರಲ್ಲ. ಮುಂದಿನ ಸೋಮವಾರ, ಹತ್ತೊಂಬತ್ತಕ್ಕೆ ವಿಚಾರಣೆ.

"ಎಲ್ರೀ ಮಾಲೀಕರು?" ಅಂತ ಮೇಡಂ ಕೇಳಿದರು. ಅಪ್ಪ ಫ್ಯಾನ್ ನೋಡಿದರು. ನೀನು ಬ್ಯಾಗ್ ಹಿಡಿದು ಹೊರಟ ದಿನ "ನನ್ನ ಗಾಜು ನಿಂಗೆ ಸಣ್ಣದಾಯ್ತಾ?" ಅಂತ ಕೂಗಿದ ಮೇಲೆ ಅವರ ಬಾಯಲ್ಲಿ ನಿನ್ನ ಸುದ್ದಿಯೇ ಇಲ್ಲ. ನಾನೇ, "ಅಕ್ಕ ಬೇರೆ ಊರಲ್ಲಿ ಬಸ್ ಓಡಿಸ್ತಾಳೆ" ಅಂದೆ. "ಬಸ್ಸಾ? ಅಂದ್ರೆ ಪೂರ್ತಿ ಬಸ್ಸಾ?" ಅಂದರು ಮೇಡಂ. ತಕ್ಷಣ ಅಪ್ಪ, "ಪೂರ್ತೀ ಬಸ್ಸು ಮೇಡಂ. ಆ ಊರ ಮಾರ್ಕೆಟ್ ಹತ್ರ ಇಕ್ಕಟ್ಟಿನ ತಿರುವಿದೆ ನೋಡಿ, ಬೇರೆಯವರು ಹಿಂದೆ ಮುಂದೆ ಮಾಡ್ತಾರೆ. ನಮ್ಮವಳು ಒಂದೇ ಏಟಿಗೆ ತಿರುಗಿಸ್ತಾಳೆ" ಅಂದರು. ಆ ತಿರುವು ಇವರಿಗೆ ಹೇಗೆ ಗೊತ್ತು? ಜನವರಿಯಲ್ಲಿ ಮಾಲು ನೋಡಿ ಬರ್ತೀನಿ ಅಂತ ಒಂದು ದಿನ ಹೋಗಿ ಬರಿಗೈಯಲ್ಲಿ ಬಂದಿದ್ದರು. ನೀನೇನಾದರೂ ಹಿಂದಿನ ಸೀಟಿನಲ್ಲಿ ಟೋಪಿ ಹಾಕಿಕೊಂಡ ಯಾರನ್ನಾದರೂ ನೋಡಿದ ನೆನಪಿದೆಯಾ?

ಮನೆಗೆ ಬಂದ ಮೇಲೆ ಅವರೇ ಅಂದರು, "ಅವಳಿಗೆ ಬರಿ. ಸಹಿ ಸಾಕು ಅನ್ನು. ರಜೆ ಗಿಜೆ ಅಂತ ಅವಳ ಕೆಲಸ ಕೆಡಿಸಬೇಡ." ಹಾಗಾಗಿ ಅಧಿಕಾರಪತ್ರ ಇದರ ಜೊತೆಗಿದೆ. ಅಮ್ಮ ನೂರು ಸಲ ನೆನಪು ಹೇಳಿದ್ದಾಳೆ, ಊಟ ಬಿಟ್ಟು ಟ್ರಿಪ್ ಮಾಡಬೇಡವಂತೆ. ಅಪ್ಪ ಲಕೋಟೆಗೆ ಅಂಟು ನಾನೇ ಹಚ್ಚುತ್ತೇನೆ ಅಂತ ಕಾಯುತ್ತಾ ಕೂತಿದ್ದಾರೆ.

ನಿನ್ನ
ಗುಬ್ಬಿ

ಮರೆತ ಮಾತು: ಅಂಟು ತರೋಕೆ ಕೆಳಗೆ ಹೋದರು, ಬೇಗ ಬರೆಯುತ್ತೇನೆ. ಆ ಕಾಗದಕ್ಕೆ ಸಹಿ ಹಾಕಬೇಡ ಅಕ್ಕಾ. ಸಹಿ ಬಂದರೆ ಅಪ್ಪ ಗಾಡಿಯನ್ನು ಸ್ಟೇಷನ್ನಿನಿಂದ ನೇರ ಹಿಟ್ಟಿನ ಗಿರಣಿಯವರಿಗೆ ಮಾರುತ್ತಾರೆ, ಮಾತಾಗಿಹೋಗಿದೆ. "ಓಡಿಸೋರಿಲ್ಲದ ಗಾಡಿ ಇಟ್ಕೊಂಡು ಪೂಜೆ ಮಾಡ್ಲಾ?" ಅಂತಾರೆ. ಓಡಿಸೋಕೆ ನಾನಿದ್ದೇನೆ! ಲರ್ನರ್ಸ್ ಲೈಸೆನ್ಸ್ ತಗೊಂಡಿದ್ದೇನೆ, ಯಾರಿಗೂ ಹೇಳಿಲ್ಲ. ನಾನು ಹೇಳಿದರೆ ಅಪ್ಪ ನಗುತ್ತಾರೆ, ನೀನು ಹೇಳಿದರೆ ಕೇಳುತ್ತಾರೆ. ಸೋಮವಾರ ನೀನೇ ಬಾ. ಗಾಡಿ ಬಿಡಿಸಿ, ನನ್ನನ್ನು ಸ್ಟೀರಿಂಗ್ ಮುಂದೆ ಕೂರಿಸಿ, ನಿನ್ನ ಬಸ್ಸಿಗೆ ನೀನು ವಾಪಸ್ ಹೋಗು, ಯಾರೂ ತಡೆಯಲ್ಲ. ಮೆಟ್ಟಿಲ ಮೇಲೆ ಚಪ್ಪಲಿ ಸದ್ದು. ಬರ್ತೀಯಾ ಇಲ್ವಾ, ಬೇಗ ಉತ್ತರ ಬರಿ.