ಸತ್ತ ಚಿಟ್ಟೆಯ ಬಣ್ಣ

೩ ಮಾರ್ಚ್, ಬೆಳಿಗ್ಗೆ

ಕುಂಚ ತೊಳೆದಿಟ್ಟೆ. ಪ್ರೆಸ್‌ನಿಂದ ಫೋನು. ಏರೋಪ್ಲೇನ್ ಚಿಟ್ಟೆಗಳ ಪುಸ್ತಕ ಖಾಲಿಯಂತೆ. ಎರಡನೇ ಮುದ್ರಣಕ್ಕೆ ನನ್ನ ಚಿತ್ರಗಳ ಬಣ್ಣ ಇನ್ನೊಮ್ಮೆ ನೋಡಿಕೊಡಬೇಕಂತೆ. ಹಿಗ್ಗಿ ಹೀರೇಕಾಯಿಯಾದೆ. ಒಲೆಯ ಮೇಲೆ ಹಾಲು ಉಕ್ಕಿತು, ಗಂಡ ಗೊಣಗಿದ, ಕೇಳಿಸಲಿಲ್ಲ.

೪ ಮಾರ್ಚ್, ಮಧ್ಯಾಹ್ನ

ಬಟ್ಟೆ ಒಣಹಾಕಲು ಮಹಡಿಗೆ ಹೋದೆ. ತಂತಿಯ ತುದಿಯಲ್ಲಿ ಒಂದು ಏರೋಪ್ಲೇನ್ ಚಿಟ್ಟೆ. ರೆಕ್ಕೆಯ ಬುಡದಲ್ಲಿ ಜೇನಿನ ಬಣ್ಣದ ಮಚ್ಚೆ, ಅದೇ ನರಗಳು... ಪುಸ್ತಕಕ್ಕೆ ನಾನು ಬರೆದದ್ದೇ. ಆದರೆ ಮೈಯೆಲ್ಲ ಗುಲಾಬಿ ಬೆರೆತ ಕಡುಗೆಂಪು. ನಾನು ಬಳಿದದ್ದು ಕಂದು.

ಮ್ಯೂಸಿಯಂ ಪೆಟ್ಟಿಗೆಯಲ್ಲಿ ಪಿನ್ ಚುಚ್ಚಿಟ್ಟದ್ದನ್ನು ನೋಡಿ ಬರೆದಿದ್ದೆ. ಸತ್ತರೆ ಇವುಗಳ ಬಣ್ಣ ಹೋಗುತ್ತದೆ, ಕೆರೆಗೆ ಹೋಗಿ ಜೀವಂತ ನೋಡು ಅಂತ ಮೇಷ್ಟ್ರು ಹೇಳಿಯೇ ಇದ್ದರು. ಬಿಸಿಲು, ಸೋಮಾರಿತನ. ಜೀವಂತ ನೋಡಿಯೇ ಬರೆದೆ ಅಂತ ಅವರಿಗೆ ಅಂದುಬಿಟ್ಟೆ. ಥೂ.

೬ ಮಾರ್ಚ್

ಹೇಳಲೆಂದೇ ಮೇಷ್ಟ್ರ ಮನೆಗೆ ಹೋದೆ. ಯಾವ ಚಿಟ್ಟೆ ಎಲ್ಲೆಲ್ಲಿದೆ ಎಂಬ ನಕ್ಷೆ ಪುಸ್ತಕಕ್ಕೆ ಮಾಡಿಕೊಟ್ಟವರು ಅವರೇ. ಅದರಲ್ಲಿ ಬಿಸಿ ನಾಡುಗಳ ಉದ್ದಕ್ಕೂ ಈ ಚಿಟ್ಟೆ ಕಂಡ ಕಡೆಯೆಲ್ಲ ಚುಕ್ಕಿಗಳಿವೆ, ನಮ್ಮ ಊರಿನ ಸುತ್ತ ಮಾತ್ರ ಖಾಲಿ.

ದುರ್ಬೀನನ್ನು ಒರೆಸಿ ಪೆಟ್ಟಿಗೆಗೆ ಹಾಕುತ್ತಿದ್ದರು. ಇನ್ನು ಕೆರೆಗೆ ಹೋಗುವುದಿಲ್ಲವಂತೆ, ನಕ್ಷೆಯ ಕೆಲಸವೂ ಸಾಕಂತೆ.

"ಕಣ್ಣು ಕೈಕೊಡ್ತು ಕಣಮ್ಮ. ನೀನು ಎದುರಿಗೆ ಕೂತು ನೋಡಿ ಕಂದು ಬರೆದಿದೀಯ. ನನಗೆ ಅದು ಕೆಂಪಗೆ ಕಾಣುತ್ತೆ."

ಕೊಟ್ಟ ಕಾಫಿ ಕುಡಿದು ಎದ್ದು ಬಂದೆ. ಮಾನ ಇದ್ದವಳು ಕುಡಿಯುತ್ತಿದ್ದಳೇ?

೧೧ ಮಾರ್ಚ್

ಪ್ರೆಸ್‌ಗೆ ಉತ್ತರ ಕೊಟ್ಟಿಲ್ಲ. ಏನಾಯಿತು ಅಂತ ಕೇಳಿದ ಗಂಡನ ಮೇಲೆ ಹರಿಹಾಯ್ದೆ. ಪಾಪ, ಅವನದೇನು ತಪ್ಪು.

೧೨ ಮಾರ್ಚ್, ಸಂಜೆ

ಹೇಳಿಬಿಟ್ಟೆ. ಕೂರದೆ, ಬಾಗಿಲಲ್ಲಿ ನಿಂತೇ. ಮೇಷ್ಟ್ರು ಬೈಯಲಿ ಅಂತ ಕಾದೆ — ಬೈಯಲಿಲ್ಲ. ಕಣ್ಣು ಸರಿಯಿದೆ ಅಂತ ಖುಷಿಪಡುತ್ತಾರೆ ಅಂದುಕೊಂಡಿದ್ದೆ. ಅದೂ ಇಲ್ಲ. ಮುಖ ಸಪ್ಪಗಾಯಿತು.

"ಕೆಂಪು ಚಿಟ್ಟೆ ಕಂಡ್ವಿ, ನಕ್ಷೆಗೆ ಹಾಕಿ ಅಂತ ಎಷ್ಟು ಜನ ಬಂದಿದ್ರು ಗೊತ್ತಾ? ನಿಮಗೆ ನೋಡೋಕೇ ಬರಲ್ಲ ಅಂತ ಅಂದು ಕಳಿಸ್ದೆ. ನಿನ್ನ ಚಿತ್ರ ತೋರಿಸಿಯೇ ಹಾಗಂದಿದ್ದು."

ಆಮೇಲೆ ಚಪ್ಪಲಿ ಹುಡುಕತೊಡಗಿದರು. ಒಬ್ಬೊಬ್ಬರ ಮನೆಗೂ ಹೋಗಿ ಕ್ಷಮೆ ಕೇಳುತ್ತಾರಂತೆ. ನನ್ನ ಹೆಸರು ಎತ್ತುವುದಿಲ್ಲವಂತೆ.

ನಾನೂ ಬರುತ್ತೇನೆ ಅನ್ನಬೇಕಿತ್ತು. ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದರು. ನಾನು ಅಲ್ಲೇ —