ಹರಿಣಿಯ ಕಿವಿ ಮಿಷನ್

ಸರೋಜಿನಿ ನಗರ,
ಸೋಮವಾರ, ೧೭ ಜುಲೈ ೨೦೦೬

ಶಿಶುವಿಹಾರದ ಸುಲೋಚನಾ ಮೇಡಂ ಅವರಿಗೆ ನಮಸ್ಕಾರ.

“ಹರಿಣಿ ಕಿವಿ ಮಿಷನ್ ದಿನವಿಡೀ ಹಾಕ್ಕೊಂಡೇ ಇರ್ತಾಳೆ” ಎಂದು ಸಂಜೆ ನಾನು ಬಂದಾಗಲೆಲ್ಲ ಹೇಳುತ್ತೀರಿ. ಮನೆಯಲ್ಲಿದ್ದಾಗ ವಾರಕ್ಕೊಂದು ಬ್ಯಾಟರಿ ಮುಗಿಯುತ್ತಿತ್ತು. ನಿಮ್ಮಲ್ಲಿಗೆ ಸೇರಿಸಿ ಮೂರು ವಾರವಾಯಿತು, ಅದೇ ಬ್ಯಾಟರಿ ಇನ್ನೂ ನಡೆಯುತ್ತಿದೆ. ಮಿಷನ್ನಿಗೆ ನುಸಿಗುಳಿಗೆಯ ವಾಸನೆ ಬೇರೆ. ಆ ಗುಳಿಗೆ ಇರುವುದು ನಿಮ್ಮ ಬೀರುವಿನಲ್ಲಿ.

ಕಳೆದುಹೋದೀತೆಂದು ತೆಗೆದಿಡುತ್ತೀರೋ, ಗದ್ದಲಕ್ಕೆ ಮಗು ಅಳುತ್ತದೆಂದೋ, ತಿಳಿಯದು. ಕಳೆದರೆ ನಿಮ್ಮನ್ನು ಕೇಳುವುದಿಲ್ಲ. ಅತ್ತರೆ ಸ್ವಲ್ಪ ಎತ್ತಿಕೊಳ್ಳಿ. ಬೇರೆ ಮಕ್ಕಳ ಗದ್ದಲ ಕಿವಿಗೆ ಬೀಳಲೆಂದೇ ಅವಳನ್ನು ಅಲ್ಲಿಗೆ ಕಳಿಸುತ್ತಿರುವುದು.

ಇಂದು ಹೊಸ ಬ್ಯಾಟರಿ ಹಾಕಿದ್ದೇನೆ. ಬರುವ ಸೋಮವಾರದೊಳಗೆ ಅದು ಮುಗಿದಿರಬೇಕು.

ಇತಿ,
ಹರಿಣಿಯ ತಾಯಿ ದೇವಕಿ